ಬೇರೆ ಗ್ರಹದ ಯುದ್ಧ, ಬೀಗರ ಮಾತು

ಆ ಮಾತು ಅಷ್ಟು ಜೋರಾಗಿ ಕೇಳಿಸಬಾರದಿತ್ತು.

ಕೇಳಿಸಿಬಿಟ್ಟಿತು. ತಿ.ನರಸೀಪುರದ ಕಲ್ಯಾಣ ಮಂಟಪದ ಗೇಟಿನ ಮುಂದೆ ಸೇರಿದ್ದ ಅಷ್ಟೂ ಜನಕ್ಕೆ ಕೇಳಿಸಿತು. ಆರತಿ ತಟ್ಟೆ ಹಿಡಿದು ನಿಂತಿದ್ದ ನನಗೆ ಕೇಳಿಸಿತು. ಪಾನಕದ ಲೋಟ ಜೋಡಿಸುತ್ತಿದ್ದ ಅಡುಗೆಯವರಿಗೆ ಕೇಳಿಸಿತು. ಯಾರಿಗೆ ಕೇಳಿಸಲೇಬಾರದಿತ್ತೋ ಅವಳಿಗೂ, ಅಂದರೆ ಮೇಲಿನ ಕಿಟಕಿಯಿಂದ ಕದ್ದು ನೋಡುತ್ತಿದ್ದ ಮದುಮಗಳಿಗೂ ಕೇಳಿಸಿತು.

"ಮದ್ವೆ ಒಂದಾಗೋಗ್ಲಿ, ಆಮ್ಯಾಕೆ ಆ ಕಂಪ್ಯೂಟರ್ ಕ್ಲಾಸಿನ ಬಾಗ್ಲು ಹಾಕಿಸ್ತೀನಿ ಬುಡು!"

ಅಂದವರು ಮದುಮಗನ ತಂದೆ. ನಂಜನಗೂಡಿನಲ್ಲಿ ದಿನಸಿ ಮಂಡಿ ಇಟ್ಟಿರುವ ಬಸಪ್ಪನವರು. ಊರಿಗೆಲ್ಲ ಕೇಳಲಿ ಅಂತ ಅವರೇನೂ ಅನ್ನಲಿಲ್ಲ, ಪಾಪ. ಬ್ಯಾಂಡಿನ ಅಬ್ಬರದಲ್ಲಿ ಪಕ್ಕದಲ್ಲಿದ್ದ ಭಾವಮೈದುನನ ಕಿವಿಗೆ ಬಾಯಿಟ್ಟು ಕೂಗಿದರು. ಬ್ಯಾಂಡಿನ ಪಕ್ಕ ನಿಂತು ಮಾತಾಡಬೇಕಾದರೆ ನಾವೆಲ್ಲ ಹಾಗೇ ತಾನೇ ಕೂಗುವುದು? ಆದರೆ ಅವರು ಬಾಯಿ ತೆರೆದದ್ದಕ್ಕೂ ಬ್ಯಾಂಡು ಇದ್ದಕ್ಕಿದ್ದಂತೆ ಪಿಸುಗುಡುವಷ್ಟು ಮೆಲ್ಲಗಾದದ್ದಕ್ಕೂ ಸರಿಹೋಯಿತು.

ಬ್ಯಾಂಡು ಯಾಕೆ ಮೆಲ್ಲಗಾಯಿತು? ಬೇರೊಂದು ಗ್ರಹದಲ್ಲಿ ಯುದ್ಧ ನಡೆಯುತ್ತಿತ್ತಲ್ಲ, ಅದಕ್ಕೆ. (ನಗಬೇಡಿ. ಪೂರ್ತಿ ಓದಿ.)

ಮೊದಲು ಮದುಮಗಳ ವಿಷಯ ಹೇಳಿಬಿಡುತ್ತೇನೆ. ಶೋಭ ನನ್ನ ಅಕ್ಕನ ಮಗಳು. ಬಿ.ಕಾಂ. ಮುಗಿಸಿ, ಮೈಸೂರಿನಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿಕೊಂಡು, ಎಲ್ಲೋ ಕೆಲಸಕ್ಕೆ ಸೇರುತ್ತಾಳೆ ಅಂದುಕೊಂಡರೆ ವಾಪಸ್ಸು ನರಸೀಪುರಕ್ಕೇ ಬಂದಳು. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಮಹಡಿಯಲ್ಲಿ ಎರಡು ರೂಮು ಹಿಡಿದು, ಸೆಕೆಂಡ್ ಹ್ಯಾಂಡ್ ಕಂಪ್ಯೂಟರುಗಳನ್ನು ತಂದಿಟ್ಟು, ಬೋರ್ಡಿಗೆ ತಾನೇ ಬಣ್ಣ ಬಳಿದು ಕ್ಲಾಸು ಶುರು ಮಾಡಿದಳು. ಯಾರು ಬರುತ್ತಾರೆ ಅಂತ ನಾವೆಲ್ಲ ನಕ್ಕಿದ್ದೆವು. ಹುಡುಗಿಯರು ಬಂದರು. ತಲಕಾಡಿನಿಂದ, ಹೆಮ್ಮಿಗೆಯಿಂದ, ಮುಡುಕುತೊರೆಯಿಂದ ಬೆಳಗಿನ ಬಸ್ಸು ಹಿಡಿದು ಬಂದರು. ಮೈಸೂರಿಗೆ ಕಳಿಸುವುದಿಲ್ಲ ಎನ್ನುವ ಅಪ್ಪಂದಿರು 'ಶೋಭ ಮೇಡಂ ತಾವ ಆದ್ರೆ ಓಗು' ಅನ್ನುತ್ತಿದ್ದರಂತೆ. ಪಿಯುಸಿ ಆದ ಮೇಲೆ ಮನೆಯಲ್ಲಿ ಕೂತಿದ್ದವರಿಗೆ ಅದೊಂದು ಹೊರಗೆ ಹೋಗುವ ದಾರಿ.

ಶೋಭ ಮದುವೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಕ್ಲಾಸು ನಿಲ್ಲಬಾರದು. ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ ಅಂದಿದ್ದಳು. ಮಾತುಕತೆ ನಡೆದದ್ದು ನಂಜನಗೂಡಿನ ನಮ್ಮ ಮನೆಯಲ್ಲೇ. ನಾನೇ ಮಾಡಿದ ಉಪ್ಪಿಟ್ಟು ತಿನ್ನುತ್ತಾ ಬಸಪ್ಪನವರು "ಧಾರಾಳವಾಗಿ ನಡೆಸ್ಕೊಳ್ಲವ್ವ, ನಮ್ದೇನು ಅಭ್ಯಂತರ ಇಲ್ಲ" ಅಂದಿದ್ದರು. ಹುಡುಗ ಗಿರೀಶ ತಲೆಯಾಡಿಸಿದ್ದ. (ತಲೆಯಾಡಿಸುವುದು ಒಂದು ಅಪಾಯಕಾರಿ ಉತ್ತರ. ಅದನ್ನು ಯಾವ ಕಡೆಗೆ ಬೇಕಾದರೂ ತಿರುಗಿಸಿಕೊಳ್ಳಬಹುದು.)

ಇನ್ನು ಬ್ಯಾಂಡಿನ ವಿಷಯ. ಮದುವೆಯಲ್ಲಿ ಕೆಲಸ ಹಂಚುವಾಗ ಅದು ನನ್ನ ಪಾಲಿಗೆ ಬಂತು. ಶೋಭಳ ತಮ್ಮನಿಗೆ ಆರ್ಕೆಸ್ಟ್ರಾ ಬೇಕು. ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಬ್ಯಾಂಡೇ ಬೇಕು. ತುತ್ತೂರಿ ಊದದಿದ್ದರೆ ಬೀಗರನ್ನು ಎದುರುಗೊಂಡ ಹಾಗಾಗುವುದಿಲ್ಲ ಎಂದು ಅವರ ವಾದ. ಸರಿ, ಹೆಮ್ಮಿಗೆಯ ಮಾದೇವಣ್ಣನ ಹತ್ತಿರ ಹೋದೆ. ಟ್ರಂಪೆಟ್ ಊದುವ ಮನುಷ್ಯ, ಬ್ಯಾಂಡಿನ ಮೇಸ್ಟ್ರೂ ಹೌದು. ಅಕ್ಕನ ಮದುವೆಗೆ ಅವರಪ್ಪ ಊದಿದ್ದರು.

ಮಾದೇವಣ್ಣನ ಮುಖ ನನ್ನನ್ನು ಕಂಡು ಅರಳಿತು. ಈಗೀಗ ಒಂದು ಕೀಬೋರ್ಡು, ಎರಡು ದೊಡ್ಡ ಬಾಕ್ಸು ತಂದಿಟ್ಟುಕೊಂಡು ಆರ್ಕೆಸ್ಟ್ರಾದವನು ಒಬ್ಬನೇ ಎಲ್ಲಾ ವಾದ್ಯ ಬಾರಿಸಿ ಹೋಗುತ್ತಾನೆ. ಬ್ಯಾಂಡಿನವರನ್ನು ಕೇಳುವವರಿಲ್ಲ. ಮಿಕ್ಕಿರುವ ಬ್ಯಾಂಡುಗಳೆಲ್ಲ ಅದೇ ಸಿನಿಮಾ ಹಾಡು ಊದುತ್ತವೆ.

"ಅದ್ಕೇ ಅಕ್ಕಾವ್ರೇ, ನಾನೊಂದು ಹೊಸಾ ಪೀಸು ತಯಾರು ಮಾಡೀವ್ನಿ. ಮೈಸೂರಲ್ಲೂ ಯಾವ ಬ್ಯಾಂಡ್ನೋರ ತಾವೂ ಇಲ್ಲ" ಅಂದ.

"ಯಾವ ಹಾಡು?"

"ಹಾಡಲ್ಲ. ಹಾಡೇ ಇಲ್ಲ ಆ ಫಿಲಮ್ಮಲ್ಲಿ. ಇಂಗ್ಲಿಷ್ ಫಿಲಂ. ಇನ್ನೊಂದು ಲೋಕದಲ್ಲಿ ಮರಳ ಮೇಲೆ ನಿಂತ್ಕೊಂಡು ಯುದ್ಧ ಮಾಡ್ತಾರೆ. ನಮ್ ತಲಕಾಡು ಇದ್ದಂಗೇ ಅದೆ. ಹಿಂದ್ಗಡೆ ಮ್ಯೂಸಿಕ್ಕು ಬತ್ತದೆ ನೋಡಿ, ಅದು."

ಮದುವೆಗೆ ಯುದ್ಧದ ಸಂಗೀತವೇ? ನನಗೆ ಅನುಮಾನ. ಆದರೆ ಆತ ಅಷ್ಟು ಆಸೆಯಿಂದ ಹೇಳುತ್ತಿದ್ದ. "ಬಾಗ್ಲ ತಾವ ಒಂದ್ಕಡೆ ಮೆಲ್ಲಗೆ ಬತ್ತದೆ, ಆಗ ನೀವು ಆರತಿ ಎತ್ತಿಬುಡಿ" ಅಂತ ಸೂಚನೆ ಬೇರೆ ಕೊಟ್ಟ. ಆಗಲಿ ಅಂದು ಬಂದೆ. ಯಾಕೆ ಮೆಲ್ಲಗೆ ಬರುತ್ತದೆ ಅಂತ ಕೇಳಬೇಕು ಅನ್ನಿಸಲಿಲ್ಲ.

ಮದುವೆಯ ಹಿಂದಿನ ಸಂಜೆ ನಂಜನಗೂಡಿನಿಂದ ಗಂಡಿನ ಕಡೆಯವರ ಬಸ್ಸು ಬಂತು. ಮಂಟಪದಿಂದ ಸ್ವಲ್ಪ ದೂರದಲ್ಲೇ ಎಲ್ಲರೂ ಇಳಿದರು. ಬ್ಯಾಂಡು ಮುಂದೆ, ಮದುಮಗನ ಕಾರು ನಡುವೆ, ಬೀಗರು ಹಿಂದೆ.

ಏನು ಹೇಳಲಿ! ಶುರುವಾದದ್ದು ದೊಡ್ಡ ಡ್ರಮ್ಮಿನಿಂದ. ಧಂ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಧಂ. ಆಮೇಲೆ ತುತ್ತೂರಿಗಳು ತಗ್ಗಿನಲ್ಲಿ, ನೆಲದೊಳಗಿಂದ ಬಂದ ಹಾಗೆ. ಒಂದರ ಮೇಲೊಂದು ಏರುತ್ತಾ ಏರುತ್ತಾ ಬಂದು, ಮಾದೇವಣ್ಣ ಟ್ರಂಪೆಟ್ ಎತ್ತಿ ಊದಿದಾಗ ರಸ್ತೆಯ ಅಂಗಡಿಯವರೆಲ್ಲ ಹೊರಗೆ ಬಂದರು. ನಡುನಡುವೆ ಸೈಡ್ ಡ್ರಮ್ಮಿನವನು ಪಟಪಟಪಟ ಅಂತ ತಾಳಕ್ಕೇ ಸಂಬಂಧವಿಲ್ಲದಂತೆ ಹೊಡೆಯುತ್ತಿದ್ದ. ಕ್ಲಾರಿನೆಟ್ಟಿನವನು ಆಗೊಮ್ಮೆ ಈಗೊಮ್ಮೆ ಕೀಈಈ ಅಂತ ಕಿರುಚಿಸುತ್ತಿದ್ದ. ಕುಣಿಯಲು ಬಂದ ಹುಡುಗರಿಗೆ ಕುಣಿಯುವುದು ಹೇಗೆಂದು ತಿಳಿಯಲಿಲ್ಲ. ಎದೆ ಸೆಟೆಸಿ ನಡೆಯತೊಡಗಿದರು. ಬೀಗರ ಕಡೆಯ ಹೆಂಗಸೊಬ್ಬರು "ಮಿಲಿಟ್ರಿಯೋರ್ನ ಕರ್ಸವ್ರೆ ಅನ್ಸುತ್ತೆ" ಅಂದದ್ದು ಕೇಳಿ ಭಾವನ ಮೀಸೆ ಕುಣಿಯಿತು.

ಗೇಟಿನ ಹತ್ತಿರ ಬಂದರು. ಗಿರೀಶ ಕಾರಿನಿಂದ ಇಳಿದ. ಅಬ್ಬರ ತುತ್ತತುದಿಗೆ ಹೋಯಿತು. ಪಕ್ಕದವರ ಮಾತೂ ಕೇಳದಷ್ಟು. ಆಗಲೇ ಬಸಪ್ಪನವರು ಭಾವಮೈದುನನ ಕಡೆ ಬಗ್ಗಿದ್ದು. ಆಗಲೇ ಮಾದೇವಣ್ಣ ಎಡಗೈ ತಗ್ಗಿಸಿದ್ದು. ಇಡೀ ಬ್ಯಾಂಡು ಉಸಿರು ಹಿಡಿದ ಹಾಗೆ ಮೆಲ್ಲಗಾಯಿತು.

"...ಕಂಪ್ಯೂಟರ್ ಕ್ಲಾಸಿನ ಬಾಗ್ಲು ಹಾಕಿಸ್ತೀನಿ ಬುಡು!"

ನನ್ನ ಕೈಯಲ್ಲಿದ್ದ ಆರತಿ ಕೈಯಲ್ಲೇ ಇತ್ತು. ಕ್ಲಾರಿನೆಟ್ಟು ಮಾತ್ರ ತಗ್ಗಿದ ದನಿಯಲ್ಲಿ ಒಂದೇ ಸ್ವರ ಹಿಡಿದಿತ್ತು. ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಮನೆಯ ಉಪ್ಪಿಟ್ಟು ತಿನ್ನುತ್ತಾ ಕೊಟ್ಟ ಮಾತು ಎಲ್ಲಿ ಹೋಯಿತು? ಸಿಟ್ಟಿನ ಹಿಂದೆಯೇ ಭಯ ಬಂತು. ಈಗ ಏನಾಗುತ್ತದೆ? ಮದುವೆ ಮುರಿಯುತ್ತದೆಯೇ? ಅಥವಾ ಎಲ್ಲರೂ ಸೇರಿ ಏನೂ ಕೇಳಿಸಿಲ್ಲ ಎಂಬಂತೆ ಇದ್ದುಬಿಡುತ್ತೇವೆಯೇ? ನಾವು ಎರಡನೆಯದರಲ್ಲಿ ಜಾಣರು. ಅಕ್ಕ ಆಗಲೇ ಮುಖದ ಮೇಲೆ ನಗು ಹೊಂದಿಸಿಕೊಂಡು "ಬನ್ನಿ ಬನ್ನಿ" ಎನ್ನಲು ಬಾಯಿ ತೆರೆದಿದ್ದಳು.

ಅಷ್ಟರಲ್ಲಿ ಮೇಲಿನಿಂದ ದನಿ ಬಂತು.

"ಮಾವಾ, ಯಾವ ಕ್ಲಾಸು?"

ಶೋಭ. ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅರ್ಧ ಮೆಹೆಂದಿ ಹಾಕಿಸಿಕೊಂಡಿದ್ದ ಕೈ. ಮದುಮಗಳು ಆ ಹೊತ್ತಿನಲ್ಲಿ ಕಾಣಿಸಿಕೊಳ್ಳಬಾರದು, ಮಾತಾಡಬಾರದು. ಯಾರೋ ಅವಳನ್ನು ಹಿಂದಿನಿಂದ ಎಳೆಯುತ್ತಿದ್ದರು. ಅವಳು ಬಿಡಿಸಿಕೊಂಡಳು.

ಬಸಪ್ಪನವರು ಮೇಲೆ ನೋಡಿದರು, ಕೆಳಗೆ ನೋಡಿದರು. "ಏನೋ ತಮಾಷೆಗಂದೆ ಕಣವ್ವಾ" ಅಂದರು.

"ತಮಾಷೆ ಆದ್ರೆ ಸರಿ ಮಾವಾ. ನಾನು ಅವ್ರನ್ನ ಕೇಳ್ತಿದೀನಿ" ಅಂದಳು. ದನಿ ನಡುಗುತ್ತಿತ್ತು. ಆದರೆ ಆ ಸದ್ದಿಲ್ಲದ ಬೀದಿಯಲ್ಲಿ ಪ್ರತಿ ಅಕ್ಷರವೂ ಕೇಳಿಸಿತು. "ಕ್ಲಾಸ್ ಮುಚ್ಚಿಸ್ತೀರೇನ್ರೀ?"

ಎಲ್ಲರೂ ಗಿರೀಶನ ಕಡೆ ತಿರುಗಿದೆವು. ಹುಡುಗ ಬೆವೆತುಹೋಗಿದ್ದ. ಅಪ್ಪನ ಮುಖ ನೋಡಿದ. ಕತ್ತಿನ ಹಾರ ಸರಿಮಾಡಿಕೊಂಡ. ತಲೆಯಾಡಿಸಿದ.

"ಹಂಗಲ್ಲ. ಬಾಯಿಬಿಟ್ಟು ಹೇಳಿ."

"ಮುಚ್ಚಲ್ಲ" ಅಂದ.

"ಕೇಳಿಸ್ಲಿಲ್ಲ."

"ಮುಚ್ಚಲ್ಲ ಅಂದೆ!" ಈ ಸಲ ಕೂಗಿಯೇ ಹೇಳಿದ. ಎದುರಿನ ಸೈಕಲ್ ಶಾಪಿನವರಿಗೂ ಕೇಳಿಸಿರಬೇಕು. ಹೇಳಿದ ಮೇಲೆ ಅವನ ಮುಖ ಹಗುರಾದ ಹಾಗೆ ಕಂಡಿತು. ಬಹುಶಃ ಅದನ್ನು ಮನೆಯಲ್ಲಿ ಹೇಳಲು ಎಷ್ಟೋ ದಿನದಿಂದ ಒದ್ದಾಡುತ್ತಿದ್ದನೇನೋ.

ಶೋಭ ಕಿಟಕಿಯಿಂದ ಮರೆಯಾದಳು. ಆಗ, ಆ ಕ್ಷಣಕ್ಕೇ ಕಾದಿದ್ದವನಂತೆ ಮಾದೇವಣ್ಣ ಕೈ ಮೇಲೆತ್ತಿದ. ಧಡಾರ್! ಎಲ್ಲಾ ತುತ್ತೂರಿ, ಎಲ್ಲಾ ಡ್ರಮ್ಮು ಒಟ್ಟಿಗೇ. ನಾನು ಬೆಚ್ಚಿಬಿದ್ದು ಆರತಿ ಎತ್ತಿದೆ. ಬಸಪ್ಪನವರು ಪಾನಕ ಕುಡಿದು ಇನ್ನೊಂದು ಲೋಟ ಕೇಳಿದರು.

ಮಾರನೆಯ ದಿನ ಮುಹೂರ್ತ ಸಾಂಗವಾಗಿ ನಡೆಯಿತು. ಒಳಗೆ ನಾದಸ್ವರ, ಡೋಲು. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದರು. ಡೋಲಿನವರು ಕಿವಿ ಕಿತ್ತುಹೋಗುವಂತೆ ಬಡಿದರು. ಗಟ್ಟಿಮೇಳ ಯಾಕೆ ಅಂತ ನಿಮಗೆ ಗೊತ್ತೇ ಇದೆ. ಆ ಗಳಿಗೆಯಲ್ಲಿ ಯಾರಾದರೂ ಸೀನಿದರೆ, ಅಪಶಕುನದ ಮಾತಾಡಿದರೆ, ಕೇಳಿಸಬಾರದು. ಚಿಕ್ಕಂದಿನಿಂದ ಕೇಳಿಕೊಂಡು ಬಂದ ವಿವರಣೆ. ಅವತ್ತು ಮಾತ್ರ ಅಕ್ಷತೆ ಹಿಡಿದುಕೊಂಡು ಬೇರೆ ಏನೋ ಯೋಚಿಸಿದೆ. ಮಾತು ಕೇಳಿಸದಂತೆ ಮಾಡುವುದಕ್ಕೇ ಇಷ್ಟು ಪುರಾತನ ವ್ಯವಸ್ಥೆ ಮಾಡಿಕೊಂಡಿದ್ದೇವಲ್ಲ, ಕೇಳಿಸುವಂತೆ ಮಾಡುವುದಕ್ಕೆ ಏನು ಮಾಡಿಕೊಂಡಿದ್ದೇವೆ?

ಭಾವನಿಗೆ ಇಂಥ ಯೋಚನೆಗಳಿಲ್ಲ. ಊಟದ ಪಂಕ್ತಿಯಲ್ಲೇ ನನ್ನನ್ನು ಹಿಡಿದರು. "ಎಲ್ಲಿಂದ ಹಿಡ್ಕೊಂಡ್ ಬಂದೆ ಆ ಬ್ಯಾಂಡ್ನೋನ? ಜೋರಾಗಿ ಬಾರಿಸ್ತಾ ಇದ್ದೋನು ಮಧ್ಯದಲ್ಲಿ ನಿಲ್ಲಿಸ್ತಾನಲ್ಲ, ಸರಿಯಾಗಿ ಬಾರಿಸೋಕ್ ಬರಲ್ವಾ ಅವ್ನಿಗೆ?"

ನ್ಯಾಯವಾದ ಪ್ರಶ್ನೆ. ನನ್ನ ತಲೆಯಲ್ಲಿ ಅದು ಕೂತುಬಿಟ್ಟಿತು. ಯಾಕೆ ಮೆಲ್ಲಗಾದ? ಅದಕ್ಕಿಂತ ಹೆಚ್ಚಾಗಿ, ಮಾತು ಮುಗಿಯುವ ತನಕ ಯಾಕೆ ಮೆಲ್ಲಗೇ ಇದ್ದ?

ಮದುವೆಯ ಗಲಾಟೆ ಕಳೆದ ಮೇಲೆ ಒಂದು ಭಾನುವಾರ ಹೆಮ್ಮಿಗೆಗೆ ಹೋದೆ. ಮಾದೇವಣ್ಣ ನನ್ನನ್ನು ಕಂಡು ಗಾಬರಿಯಾದ. ಜಗಳಕ್ಕೆ ಬಂದೆ ಅಂದುಕೊಂಡನೋ ಏನೋ. ಅವನ ಹೆಂಡತಿ ಪುಟ್ಟತಾಯಮ್ಮ ಮಜ್ಜಿಗೆ ತಂದುಕೊಟ್ಟರು.

"ಅಲ್ಲಿ ಯಾಕೆ ಮೆಲ್ಲಗೆ ಬಾರಿಸ್ತೀರಿ ಮಾದೇವಣ್ಣ?"

"ಅಲ್ಲಿ ಮಾತಾಡ್ತಾರಲ್ಲ ಅಕ್ಕಾವ್ರೇ."

"ಯಾರು? ಬೀಗರಾ?"

"ಅಯ್ಯೋ, ಅವ್ರಲ್ಲ ಕಣ್ರವ್ವ. ಫಿಲಮ್ಮಲ್ಲಿ!"

ಆಮೇಲೆ ಎಲ್ಲಾ ಹೊರಗೆ ಬಂತು. ಆ ಸಿನಿಮಾ ಕೇಬಲ್ಲಿನಲ್ಲಿ ಬಂದಿತ್ತು. ಮೊದಲ ಸಲ ನೋಡಿದಾಗಲೇ ಆ ಸಂಗೀತ ಮಾದೇವಣ್ಣನ ತಲೆಗೆ ಹತ್ತಿತು. ಮತ್ತೆ ಬರುವುದನ್ನೇ ಕಾದು, ಟೀವಿಯ ಮುಂದೆ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಮನೆಯವರಿಗೆಲ್ಲ ಬಾಯಿ ಮುಚ್ಚಿಕೊಂಡು ಕೂರಲು ಹೇಳಿ ಕ್ಯಾಸೆಟ್ ತುಂಬಿಸಿದ. ಆ ಕ್ಯಾಸೆಟ್ಟನ್ನು ಸವೆಯುವಷ್ಟು ಸಲ ಹಾಕಿ ಕೇಳಿ, ಇಡೀ ಬ್ಯಾಂಡಿಗೆ ಕಲಿಸಿದ. ಕ್ಯಾಸೆಟ್ಟಿನಲ್ಲಿ ಏನಿತ್ತೋ ಅದೆಲ್ಲವನ್ನೂ.

ಎಲ್ಲವನ್ನೂ ಅಂದರೆ ಎಲ್ಲವನ್ನೂ! ಯುದ್ಧದ ದೃಶ್ಯ ತಾನೇ? ಸಂಗೀತದ ಜೊತೆಗೆ ಗುಂಡು ಹಾರುತ್ತದೆ. ಆ ಗುಂಡನ್ನು ಸೈಡ್ ಡ್ರಮ್ಮಿಗೆ ಹಚ್ಚಿದ. ತಾಳಕ್ಕೆ ಸಂಬಂಧವಿಲ್ಲದ ಪಟಪಟ ಅದೇ. ನಡುವೆ ಇಬ್ಬರು ಸೈನಿಕರು ಮಾತಾಡುತ್ತಾರೆ. ಆಗ ಸಂಗೀತ ತಗ್ಗುತ್ತದೆ. ಬ್ಯಾಂಡೂ ತಗ್ಗಿತು.

"ಮಾತಾಡೋರ್ ಮಧ್ಯೆ ಊದ್ಬಾರ್ದಲ್ವಾ. ಅವ್ರು ಮುಗಿಸ್ದ ಮ್ಯಾಲೆ ಬಾಂಬು ಬೀಳ್ತದೆ. ಆಗ ಎಲ್ರೂ ಒಟ್ಗೆ ಎತ್ಕೋಬೇಕು. ಅವತ್ತು ಶೋಭವ್ವ ಮಾತಾಡ್ತಾ ಇತ್ತು. ಮಾತು ಮುಗೀದೆ ಬಾಂಬ್ ಎಂಗಾಕ್ಲಿ?"

ಕ್ಯಾಸೆಟ್ ಹಾಕಿ ಕೇಳಿಸಿದ. ಕೊರಕೊರ ಸದ್ದಿನ ನಡುವೆ ಅದೇ ಏರಿಕೆ, ಅದೇ ತುತ್ತೂರಿ. ಇದ್ದಕ್ಕಿದ್ದಂತೆ ಕೀಈಈ ಅಂತು.

"ಇದೇನಿದು, ಕ್ಲಾರಿನೆಟ್ಟಿನವರು ಕಿರುಚಿಸ್ತಾರಲ್ಲ, ಅದಾ?" ಅಂದೆ.

"ರಾಕೆಟ್ಟು ಇರ್ಬೇಕು" ಅಂದ ಮಾದೇವಣ್ಣ.

ಬಾಗಿಲಿಗೆ ಒರಗಿ ನಿಂತಿದ್ದ ಪುಟ್ಟತಾಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. "ಯಾವ ರಾಕೆಟ್ಟು? ಅದು ನಮ್ ಕುಕ್ಕರು! ಬ್ಯಾಳೆ ಇಟ್ಟಿದ್ದೆ. ನಾನು ಅವತ್ತಿಂದ ನೋಡ್ತಾನೇ ಇವ್ನಿ, ಊರೂರ್ ಮದ್ವೇಲಿ ನನ್ ಕುಕ್ಕರ್ ಊದ್ಕೊಂಡ್ ಓಯ್ತಾ ಅವ್ರೆ!"

ಮಾದೇವಣ್ಣ ಹೆಂಡತಿಯನ್ನು ನೋಡಿದ. ಟೇಪ್ ರೆಕಾರ್ಡರನ್ನು ನೋಡಿದ. ಆಮೇಲೆ ಅವನೂ ನಗಲು ಶುರುಮಾಡಿದ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಗು ನಿಂತ ಮೇಲೆ ಕೇಳಿದೆ. "ಸರಿ, ಆ ಸೈನಿಕರು ಏನು ಮಾತಾಡ್ತಾರೆ ಅಲ್ಲಿ?"

"ಯಾರಿಗ್ಗೊತ್ತು ಅಕ್ಕಾವ್ರೇ, ಇಂಗ್ಲಿಷು. ಏನೋ ಬಾಳ ಮುಖ್ಯವಾದ್ದೇ ಇರ್ಬೇಕು. ಅಷ್ಟು ದೊಡ್ಡ ಯುದ್ಧ ನಿಲ್ಸಿ ಮಾತಾಡ್ತಾರೆ ಅಂದ್ರೆ!" ಸ್ವಲ್ಪ ತಡೆದು, "ನೀವು ತಿಳ್ಕೊಂಡ್ರೆ ನಂಗೂ ಏಳಿ" ಅಂದ.

ನನ್ನನ್ನು ಬಲ್ಲ ಓದುಗರಿಗೆ ಗೊತ್ತು, ಇಂಥದ್ದೊಂದು ತಲೆಗೆ ಹೊಕ್ಕರೆ ನನಗೆ ಅನ್ನ ಸೇರುವುದಿಲ್ಲ. ಮೈಸೂರಿನ ಸೀಡಿ ಅಂಗಡಿಗಳಲ್ಲಿ ಹುಡುಕಿದೆ. ಸಿನಿಮಾದ ಹೆಸರು ಮಾದೇವಣ್ಣನಿಗೆ ಗೊತ್ತಿಲ್ಲ. "ಮರಳು, ಯುದ್ಧ, ಬೇರೆ ಗ್ರಹ" ಅಂತ ಕೇಳಿದರೆ ಅಂಗಡಿಯವನು ಒಂದು ಕಟ್ಟು ಡೀವೀಡಿ ಮುಂದಿಟ್ಟ. ಅಷ್ಟೊಂದು ಯುದ್ಧಗಳು ನಡೆಯುತ್ತಿವೆ ಅಲ್ಲಿ ಮೇಲೆ! ನಾಲ್ಕಾರು ಯುದ್ಧ ನೋಡಿ ಸೋತ ಮೇಲೆ ಸರಿಯಾದದ್ದು ಸಿಕ್ಕಿತು.

ನಮ್ಮ ಯಜಮಾನರು ಫಿಸಿಕ್ಸ್ ಮೇಷ್ಟ್ರು. ಪಕ್ಕದಲ್ಲಿ ಕೂತು ರಸಭಂಗ ಮಾಡುವುದು ಅವರ ಹವ್ಯಾಸ. "ಗಾಳಿಯೇ ಇಲ್ಲದ ಗ್ರಹ ಅಂತಾರೆ. ಬಾಂಬ್ ಬಿದ್ದರೂ ಕೇಳಿಸಲ್ಲ. ಅಲ್ಲಿ ಇಷ್ಟು ದೊಡ್ಡ ಬ್ಯಾಂಡ್ ಎಲ್ಲಿಂದ ಬಂತು?" ಅಂದರು. ನೀವು ಮದುಮಗನಾಗಿ ಬಂದಾಗ ನಿಮ್ಮ ಮುಂದೆ ಯಾರು ತುತ್ತೂರಿ ಊದುತ್ತಿದ್ದರು ಅಂತ ನೆನಪಿದೆಯಾ ಅಂದೆ. ಪೇಪರ್ ಬಿಡಿಸಿಕೊಂಡರು.

ಆದರೆ ಪ್ರಶ್ನೆ ಒಳ್ಳೆಯದೇ. ಯಾತಕ್ಕೆ ಬೇಕು ಆ ಸಂಗೀತ? ಕಣ್ಣಿಗೆ ಕಾಣುವುದು ತಗಡಿನ ಟೋಪಿ ಹಾಕಿಕೊಂಡ ಒಂದಿಷ್ಟು ಜನ, ಮರಳು, ಹೊಗೆ. ಸೌಂಡ್ ತೆಗೆದು ನೋಡಿದೆ. ಹಬ್ಬದ ದಿನ ಪಟಾಕಿ ಹೊಡೆಯುವವರ ಹಾಗೆ ಕಾಣುತ್ತಾರೆ. ಸೌಂಡ್ ಕೊಟ್ಟೆ. ಅದೇ ಜನ ನಿಜವಾಗಿ ಸಾಯಲು ಹೊರಟವರ ಹಾಗೆ ಕಂಡರು. ಈಗ ಹೆದರು, ಈಗ ಧೈರ್ಯ ತಂದುಕೋ, ಈಗ ಅಳು ಅಂತ ನಮಗೆ ಹೇಳಿಕೊಡುವವನು ಆ ಸಂಗೀತಗಾರ. ನಮಗೆ ಗೊತ್ತೇ ಆಗದಂತೆ ಹೇಳಿಕೊಡುತ್ತಾನೆ.

ಆ ಜಾಗ ಬಂತು. ಸಂಗೀತ ತಗ್ಗಿತು. ದಂಡನಾಯಕ ತನ್ನ ಪಕ್ಕದ ಸೈನಿಕನ ಕಡೆ ತಿರುಗಿದ. ನಾನು ಮುಂದಕ್ಕೆ ಬಗ್ಗಿ ಕೂತೆ. ಕೆಳಗೆ ಅಕ್ಷರ ಮೂಡಿತು.

ವೈರ್‌ಲೆಸ್ಸಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಅವನು ಕೇಳುತ್ತಾನೆ. ಸಂಜೆಯ ತನಕ ಬರಬಹುದು ಅಂತ ಇವನು ಹೇಳುತ್ತಾನೆ. ಇನ್ನೊಂದು ಸೆಟ್ ಎಲ್ಲಿ ಅಂತ ಅವನು. ಹಿಂದೆಯೇ ಬಿಟ್ಟು ಬಂದೆವು ಅಂತ ಇವನು. ಬಾಂಬು.

ಅಷ್ಟೇ! ಬ್ಯಾಟರಿ!

ನನಗೆ ಆದ ನಿರಾಸೆ ಅಷ್ಟಿಷ್ಟಲ್ಲ. ಆದರೆ ನಿಜವಾದ ಆಶ್ಚರ್ಯ ಆಮೇಲೆ ಇತ್ತು. ಸಿನಿಮಾದ ಸಂಗೀತವನ್ನಷ್ಟೇ ಬೇರೆ ಸೀಡಿಯಾಗಿ ಮಾರುತ್ತಾರೆ ಅಂತ ಅಂಗಡಿಯವನೇ ಹೇಳಿದ. ತರಿಸಿಕೊಟ್ಟ. ಮನೆಗೆ ತಂದು ಹಾಕಿದೆ. ಗುಂಡಿಲ್ಲ. ಬಾಂಬಿಲ್ಲ. ಕುಕ್ಕರಂತೂ ಇಲ್ಲವೇ ಇಲ್ಲ. ದೊಡ್ಡ ಹಾಲಿನಲ್ಲಿ ಸಾಲುಸಾಲು ಪಿಟೀಲು, ತುತ್ತೂರಿ, ನಗಾರಿ ಇಟ್ಟುಕೊಂಡು ಕೂತು ಬಾರಿಸಿದ್ದು. ಬ್ಯಾಟರಿಯ ಜಾಗ ಬಂತು. ಮೆಲ್ಲಗಾಗುತ್ತದೆ ಅಂತ ಕಾದೆ.

ಆಗಲಿಲ್ಲ. ಅಲ್ಲೇ ಎಲ್ಲಕ್ಕಿಂತ ಚೆಂದದ ರಾಗವೊಂದು ಶುರುವಾಯಿತು. ಪಿಟೀಲುಗಳೆಲ್ಲ ಒಟ್ಟಿಗೆ, ದುಃಖವೋ ಹಂಬಲವೋ ತಿಳಿಯದ ಒಂದು ಎಳೆ ಹಿಡಿದು ಮೇಲೆ ಮೇಲೆ ಹೋದವು. ಇದು ಸಿನಿಮಾದಲ್ಲಿ ಎಲ್ಲಿತ್ತು? ಅಲ್ಲೇ ಇತ್ತು. ಮಾತು ಕೇಳಿಸಲಿ ಅಂತ ಯಾರೋ ವಾಲ್ಯೂಮಿನ ಗುಬುಟು ತಿರುಗಿಸಿ ಅದನ್ನು ಅಡಗಿಸಿಬಿಟ್ಟಿದ್ದರು. ಹಾಳೆ ಹಾಳೆ ಬರೆದು, ಅಷ್ಟು ಜನ ಸೇರಿ ಬಾರಿಸಿದ ರಾಗ, ಒಂದು ಬ್ಯಾಟರಿಯ ಮಾತಿನ ಕೆಳಗೆ! ಬರೆದವನು ಥಿಯೇಟರಿನಲ್ಲಿ ಕೂತು ಅದನ್ನು ಕೇಳಿದಾಗ ಏನನ್ನಿಸಿರಬಹುದು? ಬೆಳಗಿನಿಂದ ರುಬ್ಬಿ ಮಾಡಿದ ಒಬ್ಬಟ್ಟನ್ನು ಮನೆಯವರು ಫೋನಿನಲ್ಲಿ ಮಾತಾಡುತ್ತಾ ತಿಂದು ಎದ್ದುಹೋದಾಗ ನಮಗೆ ಅನ್ನಿಸುವುದಿಲ್ಲವೇ, ಹಾಗೆ ಏನಾದರೂ?

ಇದನ್ನು ಮಾದೇವಣ್ಣನಿಗೆ ಕೇಳಿಸದೆ ಇರಲು ಸಾಧ್ಯವೇ? ಸೀಡಿ, ಪ್ಲೇಯರ್ ಎರಡನ್ನೂ ಹೊತ್ತುಕೊಂಡು ಮತ್ತೆ ಹೆಮ್ಮಿಗೆ. ಮಾದೇವಣ್ಣ ಡ್ರಮ್ಮಿನವನನ್ನೂ ಕ್ಲಾರಿನೆಟ್ಟಿನವನನ್ನೂ ಕರೆಸಿದ್ದ. ಮೊದಲು ಬ್ಯಾಟರಿಯ ವಿಷಯ ಹೇಳಿದೆ.

"ಅಷ್ಟೇಯಾ?" ಅಂದ.

"ಅಷ್ಟೇ."

"ಬ್ಯಾಟ್ರಿ ಸೆಲ್ಲಿಗಾ ನಾವು ಇಷ್ಟು ದಿನ ಮೆಲ್ಲಗೆ ಊದಿದ್ದು?" ತಲೆ ಕೆರೆದುಕೊಂಡ. "ಓಗ್ಲಿ ಬುಡಿ. ಅದ್ಕಿಂತ ನಮ್ ಶೋಭವ್ವನ ಮಾತೇ ಚೆನ್ನಾಗಿತ್ತು."

ಸೀಡಿ ಹಾಕಿದೆ. ಮಾದೇವಣ್ಣ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತಾ ಕೂತ. ಡ್ರಮ್ಮಿನವನು ಎರಡು ಸಲ "ಗುಂಡೆಲ್ಲಣ್ಣೋ?" ಅಂತ ಕೇಳಿ ಬೈಸಿಕೊಂಡ. ಏರಿತು, ಏರಿತು, ತುದಿ ಮುಟ್ಟಿತು. ಮಾದೇವಣ್ಣ ಅಭ್ಯಾಸಬಲದಿಂದ ಎಡಗೈ ತಗ್ಗಿಸಿದ. ಸಂಗೀತ ತಗ್ಗಲಿಲ್ಲ. ಕೈ ಅಲ್ಲೇ ನಿಂತಿತು. ಪಿಟೀಲುಗಳು ಅವನನ್ನು ಕೇಳದೆ ಮುಂದೆ ಹೋದವು. ಅವನು ಕಣ್ಣು ಬಿಟ್ಟು ನನ್ನನ್ನು ನೋಡಿದ.

ಪೂರ್ತಿ ಮುಗಿಯುವ ತನಕ ಕೂತು ಕೇಳಿದ.

"ಚೆನ್ನಾಗದೆ" ಅಂದ ಕಡೆಗೆ. ಮನಸಾರೆ ಅಂದ. "ಬಾಳ ಚೆನ್ನಾಗದೆ ಅಕ್ಕಾವ್ರೇ. ಇನ್ನೊಂದ್ಸಲ ಹಾಕಿ."

ಇನ್ನೊಂದು ಸಲ ಹಾಕಿದೆ. ಆಮೇಲೆ ಕೇಳಿದೆ, "ಈಗ ಹೀಗೇ ಕಲಿಸ್ತೀರಾ ಎಲ್ಲರಿಗೂ? ಇದೇ ಸರಿಯಾದದ್ದಲ್ವಾ?"

ಮಾದೇವಣ್ಣ ತನ್ನ ಎಡಗೈಯನ್ನು ಒಮ್ಮೆ ನೋಡಿಕೊಂಡ. "ಆ ರಾಗ ಬೇರೆ ಕಡೆ ಎಲ್ಲಾರ ಸೇರಿಸ್ತೀನಿ. ಅಲ್ಲಿ ಬ್ಯಾಡ. ಅಲ್ಲಿ ಸೇರಿಸ್ಬುಟ್ರೆ ಮಾತಾಡೋರ್ಗೆ ಜಾಗಾನೇ ಇಲ್ದಂಗಾಯ್ತದೆ" ಅಂದ. ಕ್ಲಾರಿನೆಟ್ಟಿನವನು ಕುಕ್ಕರನ್ನೂ ಬಿಡುವುದಿಲ್ಲವಂತೆ. ಅದಕ್ಕೆ ಮಕ್ಕಳು ನಗುತ್ತವೆಯಂತೆ.

ಶೋಭಳ ಕ್ಲಾಸು ನಡೆಯುತ್ತಿದೆ. ಬೆಳಿಗ್ಗೆ ನಂಜನಗೂಡಿನಿಂದ ಬಸ್ಸು ಹತ್ತುತ್ತಾಳೆ, ಸಂಜೆ ಬರುತ್ತಾಳೆ. ಎಲ್ಲವೂ ಸುಖಾಂತ ಅಂತ ನಾನು ಹೇಳುತ್ತಿಲ್ಲ. ಬಸಪ್ಪನವರು ಊಟಕ್ಕೆ ಕೂತಾಗ ಆಗಾಗ "ಎಷ್ಟು ದಿನಾ ಅಂತ ಓಡಾಡ್ತೀಯವ್ವಾ, ಸಾಕು ಮಾಡ್ಬಾರ್ದಾ" ಅನ್ನುತ್ತಾರಂತೆ. ಅತ್ತೆಯೂ ದನಿಗೂಡಿಸುತ್ತಾರಂತೆ. ಆಗ ಗಿರೀಶ ತಟ್ಟೆಯಿಂದ ತಲೆ ಎತ್ತದೆ ಒಂದೇ ಮಾತು ಹೇಳುತ್ತಾನಂತೆ.

"ಅಷ್ಟು ಜನರ ಮುಂದೆ ಅಂದ್ಬಿಟ್ಟಿದೀನಲ್ಲಪ್ಪಾ."

ಅಲ್ಲಿಗೆ ಮಾತು ನಿಲ್ಲುತ್ತದೆ. ನೋಡಿ, ನಮ್ಮ ಮನೆಯಲ್ಲಿ, ಹಿರಿಯರ ನಡುವೆ, ಸಮಾಧಾನವಾಗಿ ಆಡಿದ ಮಾತು ಮದುವೆಯ ತನಕವೂ ಬಾಳಲಿಲ್ಲ. ಬೀದಿಯಲ್ಲಿ ಕೂಗಿ ಹೇಳಿದ್ದು ಉಳಿಯಿತು. ಸೈಕಲ್ ಶಾಪಿನವರು ಇವತ್ತಿಗೂ ಶೋಭ ಬಸ್ ಇಳಿದರೆ "ಕ್ಲಾಸ್ ನಡೀತಾ ಅದಾ ಮೇಡಂ?" ಅಂತ ವಿಚಾರಿಸುತ್ತಾರೆ. ಅವರೂ ಸಾಕ್ಷಿಯಲ್ಲವೇ!

ಮೊನ್ನೆ ಶೋಭ ಸಂಜೆ ಬಸ್ ಇಳಿದು ನೇರ ನಮ್ಮ ಮನೆಗೆ ಬಂದಳು. ಕಾಫಿ ಕುಡಿಯುತ್ತಾ ಕೂತವಳಿಗೆ ಸೀಡಿ ಹಾಕಿ ಕೇಳಿಸಿದೆ. ಮಾದೇವಣ್ಣನ ಕಥೆ ಎಲ್ಲ ಹೇಳಿದೆ. ಕುಕ್ಕರಿಗೆ ಬಿದ್ದು ಬಿದ್ದು ನಕ್ಕಳು. ಬ್ಯಾಟರಿಗೂ ನಕ್ಕಳು. ಆಮೇಲೆ ಆ ಜಾಗ ಬಂತು. ಪಿಟೀಲುಗಳು ನಿಲ್ಲದೆ ಏರಿದವು. ಅವಳ ನಗು ನಿಂತಿತು.

"ಚಿಕ್ಕಮ್ಮ, ಅವತ್ತು ಮಾದೇವಣ್ಣ ಇದನ್ನ ಹೀಗೇ ಬಾರಿಸಿದ್ದಿದ್ರೆ?"

ಏನೂ ಆಗುತ್ತಿರಲಿಲ್ಲ. ಆರತಿ ಎತ್ತುತ್ತಿದ್ದೆ, ಪಾನಕ ಕೊಡುತ್ತಿದ್ದೆವು, ಗಿರೀಶ ತಲೆಯಾಡಿಸಿಕೊಂಡು ಒಳಗೆ ಬರುತ್ತಿದ್ದ. ಎಷ್ಟು ಚೆನ್ನಾಗಿ ಬಾರಿಸಿದರು ಅಂತ ಭಾವ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಒಂದು ದಿನ ಕ್ಲಾಸಿನ ಬೋರ್ಡು ಕೆಳಗಿಳಿಯುತ್ತಿತ್ತು.

ಬ್ಯಾಂಡಿನವರು ಒಂದು ತಪ್ಪೂ ಇಲ್ಲದೆ ಬಾರಿಸಿದ ಮದುವೆಗಳಲ್ಲಿ ತಲೆ ತಗ್ಗಿಸಿ ತಾಳಿ ಕಟ್ಟಿಸಿಕೊಂಡವರು ನಾವೆಷ್ಟು ಜನ ಇದ್ದೇವೆ, ಹೇಳಿ?